ಸ್ವರಕ್ಕೆ ಮೇರೆ ಉಂಟೋ?

ಹೊಲಕ್ಕೆ ಬದು ಉಂಟು, ಮನೆಗೆ ಗೋಡೆ ಉಂಟು, ಊರಿಗೆ ಎಲ್ಲೆ ಉಂಟು. ಮನುಷ್ಯನ ಸ್ವರಕ್ಕೆ ಮೇರೆ ಉಂಟೋ? ನಮ್ಮ ಹಿರಿಯರಿಗೆ ಈ ಪ್ರಶ್ನೆಯನ್ನು ಕೇಳಿಕೊಳ್ಳುವ ಅಗತ್ಯವಿರಲಿಲ್ಲ. ಯಾಕಂದರೆ ಒಬ್ಬನು ಎಷ್ಟು ಗಟ್ಟಿಯಾಗಿ ಕೂಗಿದರೂ ಅವನ ಗಂಟಲು ಬೇಗನೆ ಸೋಲುತ್ತಿತ್ತು, ಸ್ವರವು ಕೆಲವು ಹೊಲಗಳ ಆಚೆಗೆ ತಾನಾಗಿ ಅಡಗಿ ಹೋಗುತ್ತಿತ್ತು. ಡಂಗುರ ಸಾರುವವನು ಹಲಗೆಯನ್ನು ಬಾರಿಸುತ್ತಾ ಓಣಿಯಿಂದ ಓಣಿಗೆ ನಡೆಯಬೇಕಾಗಿತ್ತು. ಒಂದೇ ಕಡೆ ನಿಂತು ಊರಿಗೆಲ್ಲಾ ಕೇಳಿಸುವ ಶಕ್ತಿ ಅವನಿಗಿರಲಿಲ್ಲ. ಈಗಲಾದರೋ ಒಂದು ಗೇಣು ಉದ್ದದ ತಂತಿಯಿಲ್ಲದ ಮೈಕನ್ನು ಹಿಡಿದ ಹುಡುಗನು ಮೆಲ್ಲಗೆ ಮಾತಾಡಿದರೂ ಅರ್ಧ ಊರಿಗೆ ಕೇಳಿಸಬಹುದು. ಸೃಷ್ಟಿಕರ್ತನು ಗಂಟಲಿನಲ್ಲಿಯೇ ಇಟ್ಟಿದ್ದ ಮೇರೆಯು ಹೀಗೆ ತೆಗೆದುಹಾಕಲ್ಪಟ್ಟ ಮೇಲೆ, ಬೇರೆ ಮೇರೆಯನ್ನು ಇಡತಕ್ಕವರು ಯಾರು, ಅದನ್ನು ಎಲ್ಲಿ ಇಡತಕ್ಕದ್ದು, ಎಂಬದನ್ನು ನಾವು ಇಲ್ಲಿ ವಿಚಾರಿಸುವೆವು.

ಇದು ಪಂಡಿತರ ಚರ್ಚೆಗೆ ಮಾತ್ರ ಸೇರಿದ ವಿಷಯವಲ್ಲ. ರಂಗಂಪೇಟೆಯನ್ನು ನೆನಸಿರಿ. ಆ ಪೇಟೆಯು ಸುರಪುರಕ್ಕೆ ಅಂಟಿಕೊಂಡು ಗುಡ್ಡಗಳ ಸೀಮೆಯಲ್ಲಿರುವದು. ಇಂಥಾ ಹಳೇ ಪೇಟೆಗಳಲ್ಲಿ ಓಣಿಗಳು ಇಕ್ಕಟ್ಟು; ಒಂದು ಮನೆಯ ಗೋಡೆಯೇ ಮಗ್ಗುಲ ಮನೆಗೂ ಗೋಡೆ. ಗುಡಿಯ ಭಜನೆ, ಮಸೀದಿಯ ಬಾಂಗು, ಮದುವೆಯ ಹಾಡು, ಚುನಾವಣೆಯ ಭಾಷಣ, ಕ್ರೈಸ್ತರ ಆರಾಧನೆ, ಇವೆಲ್ಲಾ ಒಂದೇ ಗಾಳಿಯಲ್ಲಿ ಸಂಚರಿಸುತ್ತವೆ. ಇಂಥಾ ಸ್ಥಳದಲ್ಲಿ ಒಂದು ಸಣ್ಣ ಸಭೆಯವರು ಸುಗ್ಗಿಯ ಕಾಣಿಕೆಯಿಂದ ಹಣ ಕೂಡಿಸಿ ಮೈಕ್‌ಸೆಟ್ ಕೊಳ್ಳುವಾಗ, ಯಂತ್ರವನ್ನು ಮಾತ್ರ ಕೊಳ್ಳುವದಿಲ್ಲ. ಮಗ್ಗುಲ ಮನೆಯ ಕೂಸಿನ ನಿದ್ರೆ, ಪರೀಕ್ಷೆಗೆ ಓದುವ ಹುಡುಗಿಯ ಏಕಾಗ್ರತೆ, ಜಡ್ಡಿನವರ ಸಮಾಧಾನ, ಇವುಗಳ ಮೇಲೆ ಒಂದು ಅಧಿಕಾರವನ್ನೂ ಕೊಂಡಂತಾಗುವದು.

ಸ್ವರವನ್ನು ದೂರಕ್ಕೆ ಮುಟ್ಟಿಸಬೇಕೆಂಬ ಆಶೆಯು ಹೊಸದಲ್ಲ. ಎಜ್ರನು ಧರ್ಮಶಾಸ್ತ್ರವನ್ನು ಓದುವಾಗ ಮರದ ಎತ್ತರವಾದ ಪೀಠದ ಮೇಲೆ ನಿಂತದ್ದನ್ನೂ, ಲೇವಿಯರು ಜನರಿಗೆ ಅರ್ಥವನ್ನು ತಿಳಿಸಿದ್ದನ್ನೂ ನಾವು ಬಲ್ಲೆವು. ಕರ್ತನು ದೋಣಿಯಲ್ಲಿ ಕೂತುಕೊಂಡು ದಡದ ಮೇಲಿದ್ದ ಗುಂಪಿಗೆ ಬೋಧಿಸಿದನು. 1739ರಲ್ಲಿ ಜಾರ್ಜ್ ವೈಟ್‌ಫೀಲ್ಡ್ ಎಂಬ ಪ್ರಸಿದ್ಧ ಬೋಧಕರು ಅಮೇರಿಕದ ಫಿಲಡೆಲ್ಫಿಯ ಪಟ್ಟಣದಲ್ಲಿ ಕೋರ್ಟು ಕಟ್ಟಡದ ಮೆಟ್ಟಲುಗಳ ಮೇಲಿಂದ ಪ್ರಸಂಗ ಮಾಡಿದಾಗ, ಬೆಂಜಮಿನ್ ಫ್ರಾಂಕ್ಲಿನ್ ಎಂಬವನು ಗುಂಪಿನ ಕಡೆಯಲ್ಲಿದ್ದನು. ಈ ಸ್ವರವು ಎಲ್ಲಿಯ ವರೆಗೆ ಕೇಳಿಸುವದೋ ನೋಡೋಣ ಎಂದು ಅವನು ಹಿಂದೆ ಹಿಂದೆ ನದಿಯ ಕಡೆಗೆ ನಡೆಯುತ್ತಾ ಹೋದನು. ಒಂದು ಅಡ್ಡ ಬೀದಿಯ ಗದ್ದಲವು ಸ್ವರವನ್ನು ಮುಚ್ಚುವ ವರೆಗೂ ಅದು ಸ್ಪಷ್ಟವಾಗಿ ಕೇಳಿಸಿತು. ಅಷ್ಟು ಸ್ಥಳದಲ್ಲಿ 30,000ಕ್ಕಿಂತ ಹೆಚ್ಚು ಜನರು ನಿಂತು ಕೇಳಬಹುದೆಂದು ಅವನು ಲೆಕ್ಕ ಹಾಕಿದನು. ಯಂತ್ರವಿಲ್ಲದ ಸ್ವರದ ಶಕ್ತಿಗೆ ಇದು ಸಾಕ್ಷಿ. ಸ್ವರವನ್ನು ಕಡೆಗೆ ಮುಚ್ಚಿದ್ದು ಬೇರೆ ಗದ್ದಲವೇ ಎಂಬದನ್ನೂ ಓದುಗರು ನೆನಪಿನಲ್ಲಿಡಲಿ.

ಯಂತ್ರದ ಕಾಲವು ಅದರ ತರುವಾಯ ಬಂತು. 1915ರಲ್ಲಿ ಪೀಟರ್ ಜೆನ್ಸನ್, ಎಡ್ವಿನ್ ಪ್ರಿಡ್ಹ್ಯಾಮ್ ಎಂಬಿಬ್ಬರು ಕ್ಯಾಲಿಫೋರ್ನಿಯದಲ್ಲಿ ದೊಡ್ಡ ಗುಂಪಿಗೆ ಕೇಳಿಸುವ ಸ್ಪೀಕರನ್ನು ಮಾಡಿ ತೋರಿಸಿದರು. 1919ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷರಾದ ವುಡ್ರೋ ವಿಲ್ಸನ್‌ರವರು ಸಾನ್ ಡಿಯಾಗೋ ಪಟ್ಟಣದಲ್ಲಿ ಅಂಥಾ ಯಂತ್ರದ ಸಹಾಯದಿಂದ ಸುಮಾರು 50,000 ಜನರ ಮುಂದೆ ಮಾತಾಡಿದರು. ಆಗ ಮೈಕಿಗೆ ತಂತಿ ಇತ್ತು. ಮಾತಾಡುವವನು ಅದರ ಮುಂದೆಯೇ ನಿಲ್ಲಬೇಕಾಗಿತ್ತು. 1950ರ ದಶಕದಿಂದ ತಂತಿಯಿಲ್ಲದ ಮೈಕು ಮಾರಾಟಕ್ಕೆ ಬರಹತ್ತಿತು. ಇಂದು ಅದು ಹಳ್ಳಿಯ ಮದುವೆಗಳಲ್ಲಿಯೂ ಕಾಣುವ ಸಾಮಾನಾಗಿದೆ.

ಫ್ರಾಂಕ್ಲಿನನು ಕೇಳಿದ್ದು, ಈ ಸ್ವರವು ಎಲ್ಲಿಯ ವರೆಗೆ ಮುಟ್ಟುವದು ಎಂಬ ಪ್ರಶ್ನೆ. ನಾವು ಕೇಳತಕ್ಕದ್ದು, ಅದು ಎಲ್ಲಿಯ ವರೆಗೆ ಮುಟ್ಟತಕ್ಕದ್ದು ಎಂಬ ಪ್ರಶ್ನೆ. ಮೊದಲನೇದು ಶಕ್ತಿಯ ಪ್ರಶ್ನೆ, ಎರಡನೇದು ಧರ್ಮದ ಪ್ರಶ್ನೆ. ಶಕ್ತಿಯ ಪ್ರಶ್ನೆಗೆ ಯಂತ್ರವು ಉತ್ತರ ಕೊಟ್ಟಿದೆ. ಧರ್ಮದ ಪ್ರಶ್ನೆಗೆ ಯಂತ್ರವು ಎಂದಿಗೂ ಉತ್ತರ ಕೊಡಲಾರದು.

ಈ ಯಂತ್ರದ ಕ್ರಮವನ್ನು ಸ್ವಲ್ಪ ತಿಳಿದುಕೊಳ್ಳೋಣ. ಮೈಕು ನಮ್ಮ ಸ್ವರವನ್ನು ವಿದ್ಯುತ್ತಾಗಿ ಮಾಡುತ್ತದೆ. ಅದರೊಳಗಿನ ಸಣ್ಣ ಯಂತ್ರವು ಆ ವಿದ್ಯುತ್ತನ್ನು ರೇಡಿಯೋ ಅಲೆಯ ಮೇಲೆ ಹೊರಿಸಿ ಕಳುಹಿಸುತ್ತದೆ. ಅದೇ ಅಲೆಗೆ ಹೊಂದಿಸಿಟ್ಟ ರಿಸೀವರು ಅದನ್ನು ಹಿಡಿದು ಆಂಪ್ಲಿಫೈಯರಿಗೆ ಕೊಡುತ್ತದೆ. ಅಲ್ಲಿ ಬಲ ಹೊಂದಿ ಅದು ಸ್ಪೀಕರಿನಿಂದ ಸದ್ದಾಗಿ ಹೊರಡುತ್ತದೆ. ಈ ಅಲೆಗಳು ಹೆಚ್ಚಾಗಿ ನೆಟ್ಟಗೆ ಹೋಗುತ್ತವೆ; ಮನುಷ್ಯರ ಮೈ ಅವುಗಳನ್ನು ಹೀರಿಕೊಳ್ಳುತ್ತದೆ, ತಗಡು ಅವುಗಳನ್ನು ಹಿಂದಿರುಗಿಸುತ್ತದೆ. ಆದಕಾರಣ ರಿಸೀವರನ್ನು ಕಪಾಟಿನೊಳಗೆ ಇಡದೆ, ಕೂತವರ ತಲೆಗಳಿಗಿಂತ ಎತ್ತರದಲ್ಲಿ, ಮೈಕಿಗೆ ಎದುರಾಗಿ, ಅದರ ಕಡ್ಡಿಗಳನ್ನು ನಿಲ್ಲಿಸಿ ಇಡತಕ್ಕದ್ದು. ಸೆಲ್ಲುಗಳು ಇಳಿದುಹೋದರೆ ಪ್ರಾರ್ಥನೆಯ ನಡುವೆ ಸ್ವರವು ಕಡಿದುಹೋಗುವದರಿಂದ ಕೂಟಕ್ಕೆ ಮುಂಚೆ ಹೊಸ ಸೆಲ್ಲುಗಳನ್ನು ಹಾಕತಕ್ಕದ್ದು. ಬಹುದಿನ ಉಪಯೋಗಿಸದೆ ಇಡುವದಾದರೆ ಸೋರಿ ಕೆಡದಂತೆ ಅವುಗಳನ್ನು ತೆಗೆದಿಡತಕ್ಕದ್ದು. ಮೈಕು ಹಿಡಿದವನು ಸ್ಪೀಕರಿನ ಮುಂದೆ ಹೋಗಕೂಡದು. ಹೋದರೆ ಸ್ಪೀಕರಿನ ಸದ್ದೇ ತಿರಿಗಿ ಮೈಕಿನೊಳಗೆ ಹೊಕ್ಕು, ಸುತ್ತಿ ಸುತ್ತಿ ಬೆಳೆದು, ಕಿವಿ ಕೊರೆಯುವ ಕೀಚು ಹುಟ್ಟುವದು. ತನ್ನ ಮಾತನ್ನೇ ತಾನು ಕೇಳಿ ಅದನ್ನೇ ಹೆಚ್ಚಿಸುತ್ತಾ ಹೋಗುವವನ ಗತಿಯೂ ಹೀಗೆಯೇ.

ಈಗ ಮೇರೆಯ ವಿಷಯಕ್ಕೆ ಬರೋಣ. ಮೊದಲು ಕೇಳತಕ್ಕದ್ದೇನಂದರೆ, ಈ ಸ್ವರವು ಯಾರಿಗೋಸ್ಕರ? ಕೂಟಕ್ಕೆ ಬಂದವರಿಗೋಸ್ಕರ ಎಂಬದೇ ಸರಿಯಾದ ಉತ್ತರ. ಹಿಂದಿನ ಸಾಲಿನಲ್ಲಿ ಕಂಬಕ್ಕೆ ಒರಗಿ ಕೂತ, ಕಿವಿ ಮಂದವಾದ ಅಜ್ಜಿಗೆ ವಾಕ್ಯವು ಕೇಳಿಸದೆ ಹೋದರೆ ಆಕೆ ಎರಡು ಹರದಾರಿ ನಡೆದು ಬಂದದ್ದು ವ್ಯರ್ಥವಾಗುವದು. ಆಕೆಗೋಸ್ಕರ ಮೈಕು ಇಡುವದು ಪ್ರೀತಿಯ ಕೆಲಸವೇ. ಮೈಕು ಬೇಡವೆಂದು ಹೇಳುವದು ನಮ್ಮ ಅಭಿಪ್ರಾಯವಲ್ಲ. ಆದರೆ ಆಕೆಗೆ ಕೇಳಿಸುವ ಉಪಾಯ ಯಾವದು? ಶಾಮಿಯಾನದ ಮುಂದೆ ಒಂದೇ ದೊಡ್ಡ ಹಾರ್ನನ್ನು ಕಟ್ಟಿ ಸದ್ದನ್ನು ಏರಿಸುವದು ಅನೇಕರ ಪದ್ಧತಿ. ಬಯಲಿನಲ್ಲಿ ಸ್ಪೀಕರಿನಿಂದ ದೂರವು ಎರಡು ಪಟ್ಟಾದ ಹಾಗೆಲ್ಲಾ ಸದ್ದು ಸುಮಾರು 6 ಡೆಸಿಬೆಲ್ ಇಳಿಯುವದು. ಡೆಸಿಬೆಲ್ ಎಂಬದು ಸದ್ದನ್ನು ಅಳೆಯುವ ಮಾನ. ಮುಂದಿನ ಸಾಲು 2 ಮೀಟರಿನಲ್ಲಿಯೂ ಅಜ್ಜಿಯ ಸಾಲು 16 ಮೀಟರಿನಲ್ಲಿಯೂ ಇದ್ದರೆ ಇಬ್ಬರ ನಡುವೆ ಸುಮಾರು 18 ಡೆಸಿಬೆಲ್ ಅಂತರವಾಗುವದು. ಆಕೆಗೆ ಸಾಕಾಗುವಷ್ಟು ಏರಿಸಿದರೆ ಮುಂದೆ ಕೂತ ಮಕ್ಕಳು ಕಿವಿ ಮುಚ್ಚಿಕೊಳ್ಳಬೇಕಾಗುವದು. ಮತ್ತೊಂದು ಲೆಕ್ಕವೂ ಉಂಟು: ಆಂಪ್ಲಿಫೈಯರಿನ ಶಕ್ತಿಯನ್ನು ಹತ್ತು ಪಟ್ಟು ಹೆಚ್ಚಿಸಿದರೆ ನಮ್ಮ ಕಿವಿಗೆ ಸುಮಾರು ಎರಡು ಪಟ್ಟು ಮಾತ್ರ ಹೆಚ್ಚಾಗಿ ತೋರುವದು. ಗುಡ್ಡದ ಊರಿನಲ್ಲಿ ಇನ್ನೊಂದು ತೊಂದರೆ. ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುವದು. ಬಂಡೆಯು 170 ಮೀಟರ್ ದೂರವಿದ್ದರೆ ಆಡಿದ ಮಾತು ಒಂದು ಸೆಕೆಂಡಿನ ಮೇಲೆ ತಿರಿಗಿ ಬಂದು ಮುಂದಿನ ಮಾತಿನ ಮೇಲೆ ಬೀಳುವದು. ಹೀಗೆ ಸದ್ದು ಹೆಚ್ಚಾದಷ್ಟೂ ಅರ್ಥವು ಕಡಿಮೆಯಾಗುವದು.

ಇದಕ್ಕೆ ಬದಲಾಗಿ ಒಂದು ಸಣ್ಣ ಸ್ಪೀಕರನ್ನು ಅಜ್ಜಿಯ ಹತ್ತಿರಕ್ಕೆ ತಂದು, ಅದರ ಮೋರೆಯನ್ನು ಕೂತವರ ಕಡೆಗೆ ಬಗ್ಗಿಸಿ ಇಟ್ಟರೆ, ಸ್ವಲ್ಪ ಸದ್ದಿನಿಂದಲೇ ಆಕೆಗೆ ಸ್ಪಷ್ಟವಾಗಿ ಕೇಳಿಸುವದು. ಹೊರಗಿನವರಿಗೂ ಉಪದ್ರವ ಕಡಿಮೆ. ಇದು ಯಂತ್ರದ ಯುಕ್ತಿ ಮಾತ್ರವಲ್ಲ. ದೂರದಲ್ಲಿರುವವನಿಗೆ ಕೂಗಿ ಹೇಳುವದಕ್ಕಿಂತ ಅವನ ಹತ್ತಿರ ಹೋಗಿ ಹೇಳುವದು ಮೇಲೆಂಬದು ಎಲ್ಲಾ ಕಾಲದ ನೀತಿ. ಲೇವಿಯರು ಜನರಿಗೆ ಅರ್ಥ ತಿಳಿಸಿದ್ದೂ ಇದಕ್ಕೋಸ್ಕರವೇ ಅಲ್ಲವೋ?

ಎರಡನೇದು, ಕೂಟಕ್ಕೆ ಬಾರದವರ ಸಂಗತಿ. ಕಣ್ಣಿಗೆ ರೆಪ್ಪೆ ಉಂಟು, ಕಿವಿಗೆ ಇಲ್ಲ. ನೋಡಲು ಮನಸ್ಸಿಲ್ಲದವನು ಮುಖ ತಿರುಗಿಸಬಹುದು. ಕೇಳಲು ಮನಸ್ಸಿಲ್ಲದವನು ಎಲ್ಲಿಗೆ ಹೋಗಬೇಕು? ಈ ಕಾರಣದಿಂದಲೇ ನಮ್ಮ ದೇಶದಲ್ಲಿ ಶಬ್ದ ಮಾಲಿನ್ಯದ ನಿಯಮಗಳು 2000ನೇ ಇಸವಿಯಲ್ಲಿ ಜಾರಿಗೆ ಬಂದವು. ಅಧಿಕಾರಿಗಳ ಲಿಖಿತ ಅಪ್ಪಣೆ ಇಲ್ಲದೆ ಧ್ವನಿವರ್ಧಕವನ್ನು ಉಪಯೋಗಿಸಕೂಡದು. ರಾತ್ರಿ 10 ಗಂಟೆಯಿಂದ ಬೆಳಿಗ್ಗೆ 6 ಗಂಟೆಯ ವರೆಗೆ ಬಯಲಿನಲ್ಲಿ ಅದನ್ನು ಹಚ್ಚಕೂಡದು. ಸರಕಾರವು ವರ್ಷದಲ್ಲಿ 15 ದಿನಗಳಿಗೆ ಮೀರದಂತೆ ಹಬ್ಬ ಉತ್ಸವಗಳಿಗೆ ಮಧ್ಯರಾತ್ರಿಯ ವರೆಗೆ ಸಡಿಲು ಕೊಡಬಹುದು. ಜನವಸತಿಯ ಸ್ಥಳದಲ್ಲಿ ಸದ್ದಿನ ಮಿತಿಯು ಹಗಲಿನಲ್ಲಿ 55 ಡೆಸಿಬೆಲ್, ರಾತ್ರಿಯಲ್ಲಿ 45 ಡೆಸಿಬೆಲ್. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ಸ್ಥಳವನ್ನು ನಿಶ್ಶಬ್ದ ವಲಯವಾಗಿ ಎಣಿಸಬಹುದೆಂದೂ ಅವುಗಳಲ್ಲಿದೆ.

ಈ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವರಲ್ಲಿ ನಮ್ಮ ಮತದವರೇ ಒಂದು ಸಭೆಯವರು ಇದ್ದರೆಂಬದನ್ನು ಓದುಗರು ತಿಳಿಯಬೇಕು. ಮದ್ರಾಸಿನ ಕೆ. ಕೆ. ಆರ್. ನಗರದಲ್ಲಿ ಚರ್ಚ್ ಆಫ್ ಗಾಡ್ ಎಂಬ ಸಭೆಯ ಪ್ರಾರ್ಥನಾಲಯವಿತ್ತು. ಅಲ್ಲಿಯ ಧ್ವನಿವರ್ಧಕ ಮತ್ತು ವಾದ್ಯಗಳ ಸದ್ದಿನ ಮೇಲೆ ನೆರೆಯವರು ದೂರು ಕೊಟ್ಟರು. ಸದ್ದನ್ನು ತಗ್ಗಿಸಬೇಕೆಂಬ ಆಜ್ಞೆಯ ಮೇಲೆ ಸಭೆಯವರು ದಿಲ್ಲಿಯ ವರೆಗೆ ಹೋದರು. 2000ನೇ ಇಸವಿ ಆಗಸ್ಟ್ 30ರಂದು ನ್ಯಾಯಾಧೀಶರು ಕೊಟ್ಟ ತೀರ್ಪಿನ ಸಾರವೇನಂದರೆ, ಇತರರ ಶಾಂತಿಯನ್ನು ಕೆಡಿಸಿ ಪ್ರಾರ್ಥಿಸಬೇಕೆಂದಾಗಲಿ, ಧ್ವನಿವರ್ಧಕದಿಂದಲೇ ಪ್ರಾರ್ಥಿಸಬೇಕೆಂದಾಗಲಿ ಯಾವ ಧರ್ಮವೂ ವಿಧಿಸುವದಿಲ್ಲ. 2005ರ ಜುಲೈ 18ರಂದು ಅದೇ ನ್ಯಾಯಾಲಯವು ಮತ್ತೊಂದು ತೀರ್ಪಿನಲ್ಲಿ, ಮಾತಾಡುವ ಹಕ್ಕಿನೊಳಗೆ ಕೇಳಲು ಒಲ್ಲದವರನ್ನು ಬಲಾತ್ಕಾರವಾಗಿ ಕೇಳಿಸುವ ಹಕ್ಕು ಸೇರಿಲ್ಲವೆಂದು ತಿಳಿಸಿತು. ಗುಡಿಗೂ ಮಸೀದಿಗೂ ಚರ್ಚಿಗೂ ನಿಯಮವು ಒಂದೇ.

ಇಲ್ಲಿ ಕೆಲವರು ಆಕ್ಷೇಪಿಸುವರು. ಒಬ್ಬನು ಹೇಳುವದೇನಂದರೆ, “ವಾಕ್ಯವನ್ನು ಸಾರಬೇಕೆಂಬ ಆಜ್ಞೆ ನಮಗುಂಟು, ದಾರಿಯಲ್ಲಿ ಹೋಗುವವನ ಕಿವಿಗೂ ಬೀಳಲಿ.” ಕಿವಿಗೆ ಬೀಳುವದು ಒಂದು, ಕೇಳುವದು ಮತ್ತೊಂದು. ನಿದ್ರೆಗೆಟ್ಟವನ ಕಿವಿಗೆ ಒಳ್ಳೇ ಮಾತೂ ಕೋಪವಾಗಿಯೇ ಮುಟ್ಟುವದು. ಬಾಗಲು ತಟ್ಟಿ ಕಾಯುವವನನ್ನು ಮನೆಯವರು ಒಳಗೆ ಕರೆದಾರು; ಬಾಗಲು ಮುರಿದು ಬಂದವನು ಕೈಯಲ್ಲಿ ಬಂಗಾರ ತಂದಿದ್ದರೂ ಅವನನ್ನು ಯಾರು ನಂಬುವರು?

ಮತ್ತೊಬ್ಬನ ಮಾತು ಇದಕ್ಕಿಂತ ಭಾರವಾದದ್ದು. ಅದನ್ನು ನಾವು ಹಗುರವಾಗಿ ತಳ್ಳಿಬಿಡಲಾರೆವು. ಅವನು ಹೇಳುವದು: “ಅವರೆಲ್ಲರೂ ಹಾರ್ನು ಕಟ್ಟಿದ್ದಾರೆ. ನಾವು ಹತ್ತು ಮನೆಯವರು, ಬಡವರು. ತಲೆತಲಾಂತರದಿಂದ ಊರ ಚಾವಡಿಯಲ್ಲಿ ನಮ್ಮ ಹಿರಿಯರ ಮಾತಿಗೆ ಬೆಲೆ ಇರಲಿಲ್ಲ. ಈಗ ಮೈಕಿನಿಂದಲಾದರೂ ನಾವು ಇದ್ದೇವೆಂದು ಊರಿಗೆ ತಿಳಿಯಲಿ. ನಮಗೇ ಸುಮ್ಮನಿರೆಂದು ಹೇಳುವದು ನ್ಯಾಯವೋ?” ಈ ಮಾತಿನಲ್ಲಿ ನೋವು ಇದೆ, ನೋವಿನಲ್ಲಿ ಸತ್ಯವೂ ಇದೆ. ಬಾಯಿ ಮುಚ್ಚಿಸಲ್ಪಟ್ಟವರಿಗೆ ಸ್ವರವು ಬೇಕೇ ಬೇಕು. ಆದರೆ ವಿಚಾರಿಸಿ ನೋಡಿರಿ. ಯಾರ ಹಾರ್ನು ದೊಡ್ಡದೋ ಅವರ ಮಾತೇ ನಿಲ್ಲುವದು ಎಂಬದು ಊರಿನ ಕಟ್ಟಳೆಯಾದರೆ, ಗೆಲ್ಲುವವರು ಯಾರು? ದೊಡ್ಡ ಹಾರ್ನು ಯಾವಾಗಲೂ ದೊಡ್ಡ ಚೀಲದವರ ಕೈಯಲ್ಲಿರುವದು. ನಾವು ಹತ್ತು ಪಟ್ಟು ಶಕ್ತಿಯನ್ನು ಕೂಡಿಸಿದರೆ ಅವರು ನೂರು ಪಟ್ಟು ಕೂಡಿಸುವರು. ನಡುವೆ ಕೂಸುಗಳೂ ಮುದುಕರೂ ನರಳುವರು. ಮೇರೆಯ ಕಟ್ಟಳೆಯು ಬಡವನಿಗೆ ಶತ್ರುವಲ್ಲ, ಅದೇ ಅವನಿಗೆ ಬೇಲಿ. ಒಂದೆಕರೆ ಹೊಲದವನಿಗೆ ಬದುವಿನಿಂದ ಆಗುವ ಉಪಕಾರವು ನೂರೆಕರೆಯವನಿಗೆ ಆಗುವದಿಲ್ಲ. ಆದಕಾರಣ ಚಿಕ್ಕ ಸಭೆಯವರು ಮೊದಲು ತಮ್ಮ ಸದ್ದನ್ನು ಮೇರೆಯೊಳಗೆ ಇಟ್ಟುಕೊಂಡು, ಆ ಮೇಲೆ ಅದೇ ಮೇರೆಯನ್ನು ಎಲ್ಲರಿಂದಲೂ ಧೈರ್ಯವಾಗಿ ಕೇಳಲಿ. ತಾನೇ ಬದುವನ್ನು ಒತ್ತಿದವನು ಪಂಚರ ಮುಂದೆ ಏನು ಹೇಳಬಲ್ಲನು?

ಮೂರನೇದು, ಆಕಾಶವು ಹಂಚಿಕೊಂಡ ಬಾವಿ. ಕಣ್ಣಿಗೆ ಕಾಣದ ರೇಡಿಯೋ ಅಲೆಗಳಲ್ಲಿಯೂ ನೆರೆಹೊರೆ ಉಂಟು. ಹತ್ತಿರ ಹತ್ತಿರ ಎರಡು ಕೂಟಗಳ ಮೈಕುಗಳು ಒಂದೇ ಅಲೆಯ ಮೇಲೆ ಇದ್ದರೆ ಒಬ್ಬರ ಮಾತು ಮತ್ತೊಬ್ಬರ ಸ್ಪೀಕರಿನಲ್ಲಿ ಹೊರಡುವದು, ಇಲ್ಲವೆ ಎರಡೂ ಕೆಡುವವು. ಆದಕಾರಣ ಮೊದಲು ಮೈಕನ್ನು ಬಂದ್ ಮಾಡಿ ರಿಸೀವರನ್ನು ಮಾತ್ರ ಹಚ್ಚಿ ನೋಡತಕ್ಕದ್ದು. ಅಲೆ ಬರುತ್ತಿದೆಯೆಂದು ಅದರ ದೀಪವು ತೋರಿಸಿದರೆ ಆ ಸ್ಥಳವು ಆಗಲೇ ಬೇರೊಬ್ಬರಿಂದ ತುಂಬಿದೆಯೆಂದು ತಿಳಿದು, ನಾವು ಬೇರೆ ಅಲೆಗೆ ಸರಿಯತಕ್ಕದ್ದು. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಸಣ್ಣ ಯಂತ್ರವೊಂದನ್ನಿಟ್ಟು ಬಾನುಲಿಯನ್ನು ಆರಂಭಿಸಿದಾಗ ಆಕಾಶದಲ್ಲಿ ಸ್ಥಳ ಬಹಳವಿತ್ತು. ಆಕಾಶವಾಣಿ ಎಂಬ ಹೆಸರು ಅಲ್ಲಿಂದಲೇ ಪ್ರಸಿದ್ಧವಾಯಿತು. ಈಗ ಆ ಸ್ಥಳವು ಇಕ್ಕಟ್ಟಾಗಿದೆ. ರೇಡಿಯೋ ಅಲೆಗಳು ಸಾರ್ವಜನಿಕರ ಸೊತ್ತೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಮಾನಿಸಿತು. ಬಾವಿಯ ಕಟ್ಟೆಯ ಮೇಲೆ ಸರದಿ ಕಾಯುವದನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನಾಲ್ಕನೇದು, ಮೈಕಿಗೆ ವಿವೇಕವಿಲ್ಲವೆಂಬ ಸಂಗತಿ. ಬೋಧಕರು ಅಂಗಿಗೆ ಸಿಕ್ಕಿಸಿಕೊಂಡ ಕಾಲರ್ ಮೈಕು ಪ್ರಸಂಗವನ್ನೂ ಕೆಮ್ಮನ್ನೂ ಒಂದೇ ವಿಧವಾಗಿ ಹೊತ್ತುಕೊಂಡು ಹೋಗುತ್ತದೆ. ಆರಾಧನೆ ಮುಗಿದ ಕೂಡಲೆ ಒಬ್ಬ ತಂಗಿಯು ಹತ್ತಿರ ಬಂದು, ಗಂಡನ ಕುಡಿತದ ವಿಷಯವನ್ನೋ ಮಗಳ ಕಷ್ಟವನ್ನೋ ಮೆಲ್ಲಗೆ ಹೇಳಿ ಪ್ರಾರ್ಥನೆ ಕೇಳಬಹುದು. ಆ ಮೈಕು ಇನ್ನೂ ಹಚ್ಚಿಯೇ ಇದ್ದರೆ ಆಕೆಯ ಗುಟ್ಟು ಓಣಿಯ ತುದಿಯ ವರೆಗೂ ಹೋಗುವದು. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎಂಬ ಗಾದೆಯುಂಟು. ಈಗ ಆಡಿದವಳ ತಪ್ಪಿಲ್ಲದೆಯೂ ಮಾತು ಹೋಗುವ ಕಾಲ ಬಂದಿದೆ. ಇದಲ್ಲದೆ ಸಾದಾ ತಂತಿಯಿಲ್ಲದ ಮೈಕಿನ ಅಲೆಗಳು ಗೋಡೆಯನ್ನು ದಾಟಬಲ್ಲವು. ಹೊರಗೆ ಅದೇ ಅಲೆಗೆ ಹೊಂದಿಸಿದ ರಿಸೀವರು ಇದ್ದರೆ, ಸ್ಪೀಕರು ಬಂದ್ ಆಗಿದ್ದರೂ ಮಾತನ್ನು ಕೇಳಬಹುದು. ಆದಕಾರಣ ಮಾತು ಮುಗಿದ ಕ್ಷಣವೇ ಮೈಕಿನ ಗುಂಡಿಯನ್ನು ಆರಿಸುವದು ಬೋಧಕರ ಕರ್ತವ್ಯ. ಅವರು ಮರೆತರೆ ಸ್ವರವನ್ನು ಕಡಿಯುವದು ಯಂತ್ರದ ಹತ್ತಿರ ಕೂತವನ ಕರ್ತವ್ಯ. ಆ ಯೌವನಸ್ಥನು ಯಾರ ಕಣ್ಣಿಗೂ ಬೀಳದೆ ಮೂಲೆಯಲ್ಲಿರುತ್ತಾನೆ. ಆದರೂ ಆ ಹೊತ್ತಿಗೆ ಒಬ್ಬ ತಂಗಿಯ ಮಾನವು ಅವನ ಬೆರಳಿನ ತುದಿಯಲ್ಲಿರುವದು. ಇಂಥಾ ಕೆಲಸವನ್ನು ಚುರುಕಾದವನಿಗೆ ಮಾತ್ರವಲ್ಲ, ನಂಬಿಗಸ್ತನಿಗೆ ಒಪ್ಪಿಸತಕ್ಕದ್ದು.

ಐದನೇದಾಗಿ ಒಂದು ಮಾತು. ಒಬ್ಬನ ಸ್ವರವು ದೊಡ್ಡದಾದಾಗ ಉಳಿದವರ ಸ್ವರವು ತಾನಾಗಿ ಚಿಕ್ಕದಾಗುವದು. ಮೈಕಿಲ್ಲದ ಕಾಲದಲ್ಲಿ ಹಿಂದೆ ಕೂತವನು ಒಂದು ಸಂದೇಹ ಕೇಳಿದರೆ ಎಲ್ಲರಿಗೂ ಕೇಳಿಸುತ್ತಿತ್ತು. ಈಗ ಸ್ಪೀಕರಿನ ಎದುರು ಅವನ ಪ್ರಶ್ನೆಯು ಗಾಳಿಗೆ ಹೋಗುವದು. ತಂತಿಯಿಲ್ಲದ ಮೈಕಿನ ಗುಣವಾದರೋ ಅದು ಕೈಯಿಂದ ಕೈಗೆ ಹೋಗಬಲ್ಲದು ಎಂಬದೇ. ವೇದಿಕೆಯ ಮೇಲೆ ಅತ್ತಿತ್ತ ತಿರುಗಾಡುವದಕ್ಕೆ ಮಾತ್ರ ಅದನ್ನು ಉಪಯೋಗಿಸಿದರೆ ಅದರ ಅರ್ಧ ಪ್ರಯೋಜನ ನಷ್ಟವಾದಂತೆ. ಸಭೆಯ ಲೆಕ್ಕವನ್ನು ವಿಚಾರಿಸುವಾಗ, ಶಾಲೆಯ ಸಂಗತಿ ಬಂದಾಗ, ಚಾಪೆಯ ಮೇಲೆ ಕೂತ ಹೆಂಗಸರ ಕೈಗೂ ಕೂಲಿಯವನ ಕೈಗೂ ಅದು ಹೋಗಲಿ. ಎಂದೂ ಮೈಕು ಹಿಡಿಯದ ಕೈ ಮೊದಲು ನಡುಗುವದು, ಸ್ವರವು ತೊದಲುವದು, ತಾಳ್ಮೆಯಿಂದ ಕಾಯಿರಿ.

ಪ್ರಿಯ ಸಹೋದರರೇ, ಮೇರೆಯನ್ನು ಇಡತಕ್ಕವರು ಯಾರೆಂದು ಆರಂಭದಲ್ಲಿ ಕೇಳಿದೆವು. ಸರಕಾರವು ನಿಯಮ ಮಾಡಬಹುದು, ಪೊಲೀಸರು ಬಂದು ಹಾರ್ನು ಇಳಿಸಬಹುದು. ಆದರೆ ಯಂತ್ರದ ಗುಂಡಿಯ ಮೇಲೆ ಬೆರಳು ಇಟ್ಟವನೇ ಪ್ರತಿದಿನ ಮೇರೆಯನ್ನು ಇಡುವವನು. ಅವನಿಗೆ ನಾವು ಒಂದು ಸುಲಭವಾದ ಕ್ರಮವನ್ನು ಹೇಳುವೆವು. ಕೂಟಕ್ಕೆ ಮುಂಚೆ ಒಬ್ಬನು ಮೈಕಿನಲ್ಲಿ ಸಾಧಾರಣವಾದ ಸ್ವರದಿಂದ ಮಾತಾಡುತ್ತಿರಲಿ. ಮತ್ತೊಬ್ಬನು ಫ್ರಾಂಕ್ಲಿನನ ಹಾಗೆ ಹಿಂದೆ ಹಿಂದೆ ನಡೆಯುತ್ತಾ ಹೋಗಲಿ. ಕಡೇ ಸಾಲಿನ ಚಾಪೆಯ ಹತ್ತಿರ ನಿಂತು, ಮಾತು ಸ್ಪಷ್ಟವಾಗಿ ಕೇಳಿಸುತ್ತದೋ ನೋಡಲಿ; ಕೇಳಿಸದಿದ್ದರೆ ಸ್ಪೀಕರನ್ನು ಹತ್ತಿರಕ್ಕೆ ತರಿಸಲಿ. ಅಲ್ಲಿಂದ ಹೊರಗೆ ಹೋಗಿ ಮಗ್ಗುಲ ಮನೆಯ ಹೊಸ್ತಿಲ ಮುಂದೆ ನಿಲ್ಲಲಿ. ಅಲ್ಲಿ ಇಬ್ಬರು ಕೂತು ಕೂಗದೆ ಮಾತಾಡಬಹುದೋ, ತೊಟ್ಟಲಲ್ಲಿರುವ ಕೂಸು ಮಲಗಬಹುದೋ ಎಂದು ವಿಚಾರಿಸಿ, ಆಗದೆಂದು ತೋರಿದರೆ ತಿರಿಗಿ ಬಂದು ಸದ್ದನ್ನು ತಗ್ಗಿಸಲಿ. ಆ ಮನೆಯವರು ಬಾಗಲಲ್ಲಿ ಕಂಡರೆ, “ಅಕ್ಕಾ, ಇವತ್ತು ನಮ್ಮ ಕೂಟ ಅದೆ, ಸದ್ದು ಹೆಚ್ಚಾದರೆ ಒಂದು ಮಾತು ಹೇಳಿ ಕಳಿಸ್ರಿ” ಎಂದು ಕೇಳಿಕೊಳ್ಳಲಿ. ಈ ಮಾತಿಗೆ ಮೈಕು ಬೇಕಾಗಿಲ್ಲ.